ಕಲ್ಲಿನ ಮೇಲೊಂದು ಇಸವಿ: ‘ಕಾತಿನ್’ ಚಿತ್ರವೂ ಅದರ ಪ್ರೇಕ್ಷಕರೂ



ಸಿನಿಮಾ ಮುಗಿದ ಕೂಡಲೇ ನಾವು ಏನು ಮಾಡುತ್ತೇವೆ? ಪರದೆಯ ಮೇಲೆ ಇನ್ನೂ ಹೆಸರುಗಳು ಓಡುತ್ತಿರುವಾಗಲೇ ಎದ್ದು ನಿಲ್ಲುತ್ತೇವೆ. ಕತ್ತಲಲ್ಲಿ ಕಾಲಿನಿಂದಲೇ ಚಪ್ಪಲಿ ತಡಕುತ್ತೇವೆ. ಬಾಗಿಲ ಬಳಿ ನೂಕುನುಗ್ಗಲು. ಗಾಡಿ ತೆಗೆದು ರಸ್ತೆಗೆ ಬರುವಷ್ಟರಲ್ಲಿ ಚಿತ್ರ ಚೆನ್ನಾಗಿತ್ತೋ ಇಲ್ಲವೋ ಎಂಬ ತೀರ್ಪೂ ಆಗಿಹೋಗಿರುತ್ತದೆ.

2007ರ ಸೆಪ್ಟೆಂಬರಿನಲ್ಲಿ ಪೋಲೆಂಡಿನ ಚಿತ್ರಮಂದಿರಗಳಲ್ಲಿ ಹೀಗಾಗಲಿಲ್ಲ. ‘ಕಾತಿನ್’ ಎಂಬ ಚಿತ್ರ ಮುಗಿಯುವಾಗ ಪರದೆ ಪೂರ್ತಿ ಕಪ್ಪಾಗುತ್ತದೆ. ಆ ಕಪ್ಪಿನಲ್ಲಿ ಪೆಂಡರೆಟ್ಸ್ಕಿ ಎಂಬ ದೊಡ್ಡ ಸಂಗೀತಗಾರನ ಗಂಭೀರ ಸಂಗೀತ ಮಾತ್ರ ಕೇಳುತ್ತದೆ. ದೀಪ ಹತ್ತಿದ ಮೇಲೂ ಜನ ಕುಳಿತೇ ಇದ್ದರು. ಚಪ್ಪಾಳೆ ತಟ್ಟಲಿಲ್ಲ, ಪಕ್ಕದವರೊಡನೆ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎದ್ದು, ತಲೆ ತಗ್ಗಿಸಿ, ಸಾವಿನ ಮನೆಯಿಂದ ಹೊರಬರುವವರಂತೆ ಹೊರಗೆ ಬಂದರು. ಒಂದು ಊರಿನಲ್ಲಿ, ಒಂದು ದಿನ ಆದದ್ದಲ್ಲ ಇದು. ನಾಲ್ಕು ಕೋಟಿಗೂ ಕಡಿಮೆ ಜನಸಂಖ್ಯೆಯ ಆ ದೇಶದಲ್ಲಿ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಮಂದಿ ಆ ಚಿತ್ರವನ್ನು ಚಿತ್ರಮಂದಿರಕ್ಕೇ ಹೋಗಿ ನೋಡಿದರು. ಅವರಲ್ಲಿ ನಿಮ್ಮ ವಯಸ್ಸಿನವರೇ ಬಹಳ. ಶಾಲೆಗಳು ತರಗತಿಗೆ ತರಗತಿಯನ್ನೇ ಕರೆದುಕೊಂಡು ಹೋದವು.

ಆ ಮೌನ ಎಲ್ಲಿಂದ ಬಂತು? ಈ ಹೊತ್ತು ಅದನ್ನು ನಿಮ್ಮ ಮುಂದೆ ಬಿಡಿಸಿಡಬೇಕೆಂದಿದ್ದೇನೆ.

ಮೊದಲು ಒಂದಿಷ್ಟು ಇತಿಹಾಸ. ಬೇಸರಪಡಬೇಡಿ, ಇದು ಪರೀಕ್ಷೆಗಲ್ಲ. 1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಸೈನ್ಯ ಪಶ್ಚಿಮದಿಂದ ಪೋಲೆಂಡಿಗೆ ನುಗ್ಗಿತು. ಇದು ನಿಮ್ಮ ಪಠ್ಯಪುಸ್ತಕದಲ್ಲಿದೆ. ಅದೇ ತಿಂಗಳ 17ರಂದು ಸ್ಟಾಲಿನ್ನನ ಸೈನ್ಯ ಪೂರ್ವದಿಂದ ನುಗ್ಗಿತು. ಇದು ಅನೇಕ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಇಬ್ಬರೂ ಮೊದಲೇ ಒಪ್ಪಂದ ಮಾಡಿಕೊಂಡಿದ್ದರು. ಪೋಲೆಂಡನ್ನು ರೊಟ್ಟಿ ಮುರಿದಂತೆ ಮುರಿದು ಹಂಚಿಕೊಂಡರು.

ಸೋವಿಯತ್ ಕಡೆ ಸೆರೆಯಾದ ಪೋಲಿಷ್ ಸೇನಾಧಿಕಾರಿಗಳನ್ನೂ ಪೊಲೀಸರನ್ನೂ ಕೊಜೆಲ್ಸ್ಕ್, ಸ್ಟಾರೊಬೆಲ್ಸ್ಕ್, ಒಸ್ತಾಷ್ಕೋವ್ ಎಂಬ ಮೂರು ಶಿಬಿರಗಳಲ್ಲಿ ಇಟ್ಟರು. ಅಧಿಕಾರಿಗಳೆಂದರೆ ಎಲ್ಲರೂ ವೃತ್ತಿಯಿಂದ ಸೈನಿಕರಲ್ಲ. ಯುದ್ಧ ಬಂದಾಗ ಕರೆ ಬಂದು ಸಮವಸ್ತ್ರ ತೊಟ್ಟ ಮೇಷ್ಟ್ರುಗಳು, ವೈದ್ಯರು, ವಕೀಲರು, ಎಂಜಿನಿಯರುಗಳು, ಪ್ರಾಧ್ಯಾಪಕರು ಅವರಲ್ಲಿದ್ದರು. ಒಂದು ದೇಶದ ಓದು ಬರಹ ಬಲ್ಲವರ ಒಂದು ತಲೆಮಾರು. 1940ರ ಮಾರ್ಚ್ 5ರಂದು ಸ್ಟಾಲಿನ್ನನೂ ಅವನ ಸಂಗಡಿಗರೂ ಒಂದು ಕಾಗದಕ್ಕೆ ರುಜು ಹಾಕಿದರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಸುಮಾರು ಇಪ್ಪತ್ತೆರಡು ಸಾವಿರ ಜನರನ್ನು ತಲೆಯ ಹಿಂಭಾಗಕ್ಕೆ ಗುಂಡಿಟ್ಟು ಕೊಂದರು. ಸ್ಮೊಲೆನ್ಸ್ಕ್ ನಗರದ ಬಳಿಯ ಕಾತಿನ್ ಎಂಬ ಕಾಡು ಅಂಥ ಜಾಗಗಳಲ್ಲಿ ಒಂದು. ಖಾರ್ಕೀವ್‌ನಲ್ಲಿ, ಆಗ ಕಲೀನಿನ್ ಎನ್ನುತ್ತಿದ್ದ ತ್ವೆರ್ ನಗರದಲ್ಲಿ ಇನ್ನೂ ಸಾವಿರಾರು ಜನ ಹೀಗೆಯೇ ಸತ್ತರು. ಮೊದಲು ಪತ್ತೆಯಾದದ್ದು ಕಾತಿನ್ ಕಾಡಿನ ಗುಂಡಿಗಳಾದ್ದರಿಂದ ಒಟ್ಟು ಕೊಲೆಗೇ ಆ ಹೆಸರು ನಿಂತಿತು.

1941ರ ಜೂನ್‌ನಲ್ಲಿ ಹಿಟ್ಲರ್ ಒಪ್ಪಂದ ಮುರಿದು ರಷ್ಯದ ಮೇಲೆ ಬಿದ್ದ. ಜುಲೈಯಲ್ಲಿ ಜರ್ಮನರು ಸ್ಮೊಲೆನ್ಸ್ಕ್ ತಲುಪಿದರು. 1943ರ ಏಪ್ರಿಲ್ 13ರಂದು ‘ಇಲ್ಲಿ ಪೋಲಿಷ್ ಅಧಿಕಾರಿಗಳ ಹೆಣಗಳಿವೆ, ಕೊಂದವರು ರಷ್ಯನ್ನರು’ ಎಂದು ರೇಡಿಯೋದಲ್ಲಿ ಸಾರಿದರು. ರಷ್ಯನ್ನರು ‘ಇಲ್ಲ, ಕೊಂದವರು ಜರ್ಮನರೇ’ ಎಂದರು. ಯುದ್ಧ ಗೆದ್ದವರು ರಷ್ಯನ್ನರು. ಪೋಲೆಂಡಿನಲ್ಲಿ ಅವರ ಕೈಕೆಳಗಿನ ಸರ್ಕಾರವೇ ಬಂದು ಕೂತಿತು. ಅವರ ಮಾತೇ ಸರ್ಕಾರಿ ಸತ್ಯವಾಯಿತು, 1990ರವರೆಗೆ.

ಈಗ ಒಂದು ಇಸವಿಯ ಬೆಲೆ ನೋಡಿ. ಸತ್ತದ್ದು 1940ರಲ್ಲಿ ಎಂದರೆ ಆ ಕಾಡು ಆಗ ರಷ್ಯನ್ನರ ವಶದಲ್ಲಿತ್ತು, ಕೊಂದವರು ಅವರೇ. 1941ರ ಜುಲೈ ದಾಟಿದ ಮೇಲೆ ಸತ್ತರು ಎಂದರೆ ಆ ಕಾಡು ಜರ್ಮನರ ವಶದಲ್ಲಿತ್ತು, ಕೊಂದವರು ಜರ್ಮನರು. ಕೊಲೆಗಾರನ ಹೆಸರು ಹೇಳಬೇಕಾಗಿಯೇ ಇಲ್ಲ, ಇಸವಿ ಹೇಳಿದರೆ ಸಾಕು. ನಮಗೆ ನಿಮಗೆ ಒಂದು ಅಂಕದ ಪ್ರಶ್ನೆ ಅದು. ಅವರಿಗೆ ಸೆರೆಮನೆಯ ಬಾಗಿಲು. ಪೋಲೆಂಡಿನ ಸೆನ್ಸಾರ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ತೊಮಾಷ್ ಸ್ತ್ಷಿಜೆವ್‌ಸ್ಕಿ ಎಂಬಾತ 1977ರಲ್ಲಿ ಅಲ್ಲಿಯ ಗುಪ್ತ ಸೂಚನೆಗಳನ್ನು ಕದ್ದುಮುಚ್ಚಿ ಸ್ವೀಡನ್ನಿಗೆ ಸಾಗಿಸಿದ. ಆಗ ಜಗತ್ತಿಗೆ ತಿಳಿಯಿತು: ಕಾತಿನ್‌ನಲ್ಲಿ ಸತ್ತವರ ಬಗ್ಗೆ ಬರೆಯುವಾಗ ಸಾವಿನ ದಿನಾಂಕ ಕೊಡುವುದಾದರೆ ಅದು 1941ರ ಜುಲೈ ನಂತರದ್ದಾಗಿದ್ದರೆ ಮಾತ್ರ ಅಚ್ಚಿಗೆ ಬಿಡಬೇಕು ಎಂದು ಲಿಖಿತ ಸೂಚನೆಯೇ ಇತ್ತು.

ಈ ಚಿತ್ರವನ್ನು ಮಾಡಿದವರು ಆಂಜೆಯ್ ವಾಯ್ದಾ. ನಮ್ಮ ಫಿಲಂ ಸೊಸೈಟಿಗಳ ಹಳೆಯ ಸದಸ್ಯರು ‘ವಾಜ್ದಾ’ ಎನ್ನುತ್ತಾರೆ, ನಾನೂ ಬಹಳ ಕಾಲ ಹಾಗೆಯೇ ಎನ್ನುತ್ತಿದ್ದೆ. 1926ರಲ್ಲಿ ಹುಟ್ಟಿದವರು, 2016ರಲ್ಲಿ ತೀರಿಕೊಂಡರು. ಅವರ ತಂದೆ ಯಾಕುಬ್ ವಾಯ್ದಾ ಸೈನ್ಯದಲ್ಲಿ ಕ್ಯಾಪ್ಟನ್. 1939ರಲ್ಲಿ ಮನೆಯಿಂದ ಹೊರಟಾಗ ಮಗನಿಗೆ ಹದಿಮೂರು ವರ್ಷ. ತಂದೆ ಸ್ಟಾರೊಬೆಲ್ಸ್ಕ್ ಶಿಬಿರದಲ್ಲಿದ್ದು 1940ರಲ್ಲಿ ಖಾರ್ಕೀವ್‌ನಲ್ಲಿ ಕೊಲೆಯಾದರು. ಆದರೆ ಅದು ಮನೆಯವರಿಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ತಾಯಿ ಆನಿಯೆಲಾ ಗಂಡ ಬರುತ್ತಾನೆಂದು ದಾರಿ ನೋಡುತ್ತಲೇ 1950ರಲ್ಲಿ ತೀರಿಹೋದರು. ಮಗ ಜಗತ್ಪ್ರಸಿದ್ಧ ನಿರ್ದೇಶಕನಾದ. ಹತ್ತಾರು ಚಿತ್ರಗಳನ್ನು ಮಾಡಿದ. ಇದೊಂದನ್ನು ಮಾಡುವಂತಿರಲಿಲ್ಲ. ಕೊನೆಗೆ ಮಾಡಿದಾಗ ಅವರಿಗೆ ಎಂಬತ್ತೊಂದು ವರ್ಷ. ಚಿತ್ರವನ್ನು ತಂದೆತಾಯಿಗೆ ಅರ್ಪಿಸಿದರು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಪೋಲಿಷ್ ಪ್ರೇಕ್ಷಕ ಸಿನಿಮಾ ನೋಡುವುದನ್ನು ಹೇಗೆ ಕಲಿತ ಎಂಬುದು ಅದರಿಂದ ತಿಳಿಯುತ್ತದೆ. 1957ರಲ್ಲಿ ಇದೇ ವಾಯ್ದಾ ‘ಕನಾವ್’ ಎಂಬ ಚಿತ್ರ ಮಾಡಿದ್ದರು. 1944ರಲ್ಲಿ ವಾರ್ಸಾದ ಜನ ಜರ್ಮನರ ವಿರುದ್ಧ ದಂಗೆ ಎದ್ದು, ಸೋತು, ಊರ ಕೆಳಗಿನ ಚರಂಡಿಯ ಸುರಂಗಗಳಲ್ಲಿ ತಪ್ಪಿಸಿಕೊಳ್ಳಲು ಹೋದ ಕಥೆ. ಕೊನೆಗೊಮ್ಮೆ ಒಬ್ಬ ಹುಡುಗಿ, ಗಾಯಗೊಂಡ ಒಬ್ಬ ಯುವಕ, ಇಬ್ಬರೂ ಸುರಂಗದ ಬಾಯಿಗೆ ತಲುಪುತ್ತಾರೆ. ಅಲ್ಲಿ ಕಬ್ಬಿಣದ ಸರಳುಗಳಿವೆ. ಸರಳಿನಾಚೆ ವಿಸ್ತುಲಾ ನದಿ, ಅದರಾಚೆ ಇನ್ನೊಂದು ದಡ. ಹುಡುಗಿ ನೋಡುತ್ತಾಳೆ. ಅಷ್ಟೇ ದೃಶ್ಯ. ಆ ದಡದಲ್ಲಿ ಆಗ ಯಾರಿದ್ದರು? ಸೋವಿಯತ್ ಸೈನ್ಯ ಬಂದು ನಿಂತಿತ್ತು. ದಂಗೆ ಎದ್ದವರು ಸಾಯುವವರೆಗೂ ದಾಟಿ ಬರಲಿಲ್ಲ. ಚಿತ್ರದಲ್ಲಿ ಇದನ್ನು ಹೇಳುವ ಒಂದು ಮಾತೂ ಇಲ್ಲ. ಸೆನ್ಸಾರಿನವರು ಕತ್ತರಿಸುವುದಾದರೂ ಏನನ್ನು? ನದಿಯನ್ನೇ? ಆದರೆ ಪೋಲೆಂಡಿನ ಪ್ರತಿ ಪ್ರೇಕ್ಷಕನಿಗೂ ಆ ಖಾಲಿ ದಡದಲ್ಲಿ ಏನಿದೆಯೆಂಬುದು ಕಂಡಿತು. ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಬಹುಮಾನ ಕೊಟ್ಟ ಪರದೇಶದವರು ಅದರಲ್ಲಿ ನದಿಯನ್ನಷ್ಟೇ ನೋಡಿದರೋ ಏನೋ.

ಐವತ್ತು ವರ್ಷ ಹೀಗೆ, ಪರದೆಯ ಮೇಲೆ ಇಲ್ಲದ್ದನ್ನು ನೋಡುವ ಅಭ್ಯಾಸವಾದ ಕಣ್ಣುಗಳಿಗೆ 2007ರಲ್ಲಿ ಎಲ್ಲವನ್ನೂ ಬಿಚ್ಚಿ ತೋರಿಸಿದರೆ ಏನಾಗಬೇಡ?

‘ಕಾತಿನ್’ ಶುರುವಾಗುವುದು ಒಂದು ಸೇತುವೆಯ ಮೇಲೆ. ದಿನ ಸೆಪ್ಟೆಂಬರ್ 17. ಚಿತ್ರದ ಮೊದಲ ಪ್ರದರ್ಶನವನ್ನೂ ವಾರ್ಸಾದಲ್ಲಿ ಅದೇ ತಾರೀಕಿಗೆ ಇಟ್ಟಿದ್ದರು. ಜರ್ಮನರಿಂದ ತಪ್ಪಿಸಿಕೊಂಡು ಪೂರ್ವಕ್ಕೆ ಓಡುವ ಜನ ಈ ಕಡೆಯಿಂದ ಬರುತ್ತಾರೆ, ರಷ್ಯನ್ನರಿಂದ ತಪ್ಪಿಸಿಕೊಂಡು ಪಶ್ಚಿಮಕ್ಕೆ ಓಡುವ ಜನ ಆ ಕಡೆಯಿಂದ. ಸೇತುವೆಯ ನಡುವೆ ಎದುರಾಗುತ್ತಾರೆ. ‘ಎಲ್ಲಿಗೆ ಹೋಗುತ್ತಿದ್ದೀರಿ?’ ಎಂದು ಇವರನ್ನು ಅವರು ಕೇಳುತ್ತಾರೆ, ಅವರನ್ನು ಇವರು. ಒಂದು ದೇಶದ ಹಣೆಬರಹ ಆ ಒಂದು ಸೇತುವೆಯಲ್ಲಿದೆ. ಇದು ನಿರ್ದೇಶಕರ ಕಲ್ಪನೆ ಮಾತ್ರ ಎನ್ನಬೇಡಿ. ಕಾತಿನ್ ಕಾಡಿನಲ್ಲಿ ಸತ್ತವರಲ್ಲಿ ಯಾನಿನಾ ಲೆವಾಂದೊವ್ಸ್ಕಾ ಎಂಬ ಹೆಣ್ಣುಮಗಳು, ವಿಮಾನ ನಡೆಸುವವಳು, ಒಬ್ಬಳಿದ್ದಳು. ಅವಳನ್ನು ಕೊಂದದ್ದು ರಷ್ಯನ್ನರು, 1940ರ ಏಪ್ರಿಲ್‌ನಲ್ಲಿ. ಅವಳ ತಂಗಿಯನ್ನು ವಾರ್ಸಾ ಬಳಿಯ ಪಲ್ಮೀರಿ ಕಾಡಿನಲ್ಲಿ ಕೊಂದದ್ದು ಜರ್ಮನರು, ಅದೇ ವರ್ಷ ಜೂನ್‌ನಲ್ಲಿ. ಒಂದೇ ಮನೆಯ ಇಬ್ಬರು ಮಕ್ಕಳು.

ಚಿತ್ರದ ಹೆಸರು ಕಾಡಿನದಾದರೂ ಬಹುಪಾಲು ಕಥೆ ನಡೆಯುವುದು ಮನೆಗಳಲ್ಲಿ, ಕಾಯುವ ಹೆಂಗಸರ ನಡುವೆ. ಆನ್ನಾ ಎಂಬಾಕೆ ಗಂಡನಿಗಾಗಿ ಕಾಯುತ್ತಾಳೆ. ಅವಳ ಅತ್ತೆ ಮಗನಿಗಾಗಿ ಕಾಯುತ್ತಾಳೆ. 1943ರಲ್ಲಿ ಸತ್ತವರ ಪಟ್ಟಿ ಪ್ರಕಟವಾದಾಗ ಅದರಲ್ಲಿ ಗಂಡನ ಹೆಸರಿಲ್ಲ, ಅವನ ಗೆಳೆಯನದ್ದಿದೆ. ಮನೆಯಲ್ಲಿ ಉಸಿರು ಬರುತ್ತದೆ. ನಿಜ ಸಂಗತಿ ಬೇರೆ. ಚಳಿಯಲ್ಲಿ ಆ ಗೆಳೆಯ ತನ್ನ ಸ್ವೆಟರನ್ನು ಇವನಿಗೆ ಕೊಟ್ಟಿದ್ದ. ಹೆಣದ ಮೇಲೆ ಸಿಕ್ಕಿದ್ದು ಸ್ವೆಟರಿನಲ್ಲಿದ್ದ ಹೆಸರು. ಸತ್ತನೆಂದು ಬರೆದವನು ಬದುಕಿದ್ದಾನೆ, ಬದುಕಿದ್ದಾನೆಂದು ಕಾಯುತ್ತಿರುವವನು ಮಣ್ಣಿನಡಿ ಇದ್ದಾನೆ.

ಜನರಲ್ ಒಬ್ಬನ ಹೆಂಡತಿಯ ಕಥೆ ನಿಮ್ಮಂಥ ಟಿ.ವಿ. ನೋಡುವವರು ಗಮನಿಸಬೇಕಾದ್ದು. ಯುದ್ಧದ ನಡುವೆ ಜರ್ಮನರು ಅವಳನ್ನು ಕಚೇರಿಗೆ ಕರೆಸಿ ಕಾತಿನ್ ಗುಂಡಿಗಳ ಚಲನಚಿತ್ರ ತೋರಿಸುತ್ತಾರೆ. ರಷ್ಯನ್ನರನ್ನು ಬೈದು ಒಂದು ಹೇಳಿಕೆ ಓದೆಂದು ಒತ್ತಾಯಿಸುತ್ತಾರೆ. ಅವಳು ಒಪ್ಪುವುದಿಲ್ಲ. ಯುದ್ಧ ಮುಗಿದ ಮೇಲೆ ಊರ ಚೌಕದಲ್ಲಿ ರಷ್ಯನ್ನರು ಪರದೆ ಕಟ್ಟಿ ಚಲನಚಿತ್ರ ತೋರಿಸುತ್ತಾರೆ. ಅವೇ ಗುಂಡಿಗಳು, ಅವೇ ತಲೆಬುರುಡೆಗಳು, ಅವೇ ಕೋಟುಗಳು. ಹಿನ್ನೆಲೆಯ ದನಿ ಮಾತ್ರ ಬೇರೆ, ಇಸವಿ ಬೇರೆ. ಅವಳು ಜನರ ನಡುವೆ ನಿಂತು ಇದು ಸುಳ್ಳೆಂದು ಕೂಗುತ್ತಾಳೆ. ಈ ಎರಡೂ ಪ್ರಚಾರಚಿತ್ರಗಳ ತುಣುಕುಗಳು ವಾಯ್ದಾ ತೆಗೆದದ್ದಲ್ಲ, ಆ ಕಾಲದ ಅಸಲಿ ಚಿತ್ರಗಳೇ. ಕ್ಯಾಮರಾ ಸುಳ್ಳು ಹೇಳುವುದಿಲ್ಲ ಎಂದು ನಿಮಗೆ ಯಾರಾದರೂ ಹೇಳಿದರೆ ಈ ಎರಡು ತುಣುಕುಗಳನ್ನು ಅವರಿಗೆ ತೋರಿಸಿ.

ಇನ್ನೊಬ್ಬ ಹುಡುಗನಿದ್ದಾನೆ, ನಿಮಗಿಂತ ಸ್ವಲ್ಪ ದೊಡ್ಡವನು. ಮುಂದೆ ಓದಲು ಅರ್ಜಿ ಹಾಕುತ್ತಾನೆ. ಅರ್ಜಿಯ ಜೊತೆ ಸ್ವವಿವರ ಬರೆಯಬೇಕು. ತಂದೆಯ ಸಾವಿನ ವಿಷಯ ಬಂದಾಗ ನಿಜವನ್ನೇ ಬರೆಯುತ್ತಾನೆ: ಕಾತಿನ್, 1940. ಮುಖ್ಯೋಪಾಧ್ಯಾಯಿನಿ ಕೆಟ್ಟವಳಲ್ಲ. ಅದೊಂದನ್ನು ತಿದ್ದಿ ಬರೆ, ನಿನ್ನ ಓದು ಹಾಳಾಗುತ್ತದೆ ಎನ್ನುತ್ತಾಳೆ. ಅವನು ತಿದ್ದುವುದಿಲ್ಲ. ಹೊರಗೆ ಬಂದು ಗೋಡೆಯ ಮೇಲಿನ ಸರ್ಕಾರಿ ಭಿತ್ತಿಪತ್ರ ಹರಿದು ಓಡುತ್ತಾನೆ. ಓಡುವ ದಾರಿಯಲ್ಲಿ ಒಬ್ಬ ಹುಡುಗಿಯ ಪರಿಚಯವಾಗುತ್ತದೆ, ಇಬ್ಬರೂ ಒಂದು ಸಿನಿಮಾಗೆ ಹೋಗೋಣವೆಂದು ಮಾತಾಡಿಕೊಳ್ಳುತ್ತಾರೆ. ಅವನು ಸಿನಿಮಾಗೆ ಬರುವುದಿಲ್ಲ. ಅದಕ್ಕೆ ಮೊದಲೇ ಬೀದಿಯಲ್ಲಿ ಸಾಯುತ್ತಾನೆ.

ಅದೇ ಮುಖ್ಯೋಪಾಧ್ಯಾಯಿನಿಗೆ ಒಬ್ಬ ತಂಗಿ, ಆಗ್ನಿಯೆಷ್ಕಾ. ಅವರ ಅಣ್ಣ ಕಾತಿನ್‌ನಲ್ಲಿ ಸತ್ತಿದ್ದಾನೆ. ತಂಗಿ ತನ್ನ ಉದ್ದ ಜಡೆಯನ್ನು ನಾಟಕದವರಿಗೆ ಮಾರಿ, ಆ ಹಣದಲ್ಲಿ ಅಣ್ಣನ ಹೆಸರಿಗೊಂದು ಸಮಾಧಿಯ ಕಲ್ಲು ಕೆತ್ತಿಸುತ್ತಾಳೆ. ಕಲ್ಲಿನ ಮೇಲೆ 1940 ಎಂದಿದೆ. ಆ ನಾಲ್ಕು ಅಂಕಿಗಳಿಗಾಗಿ ಅವಳನ್ನು ಹಿಡಿದುಕೊಂಡು ಹೋಗುತ್ತಾರೆ. ಕಲ್ಲು ಎರಡು ಹೋಳಾಗಿ ಬಿದ್ದಿರುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ತಕರಾರನ್ನೂ ಹೇಳಿಬಿಡುತ್ತೇನೆ. ಇದು ವಾಯ್ದಾರ ಅತ್ಯುತ್ತಮ ಚಿತ್ರವಲ್ಲ. ಪಾತ್ರಗಳು ಹೆಚ್ಚಾದವು. ಒಬ್ಬರನ್ನು ಗುರುತು ಹಿಡಿಯುವಷ್ಟರಲ್ಲಿ ಇನ್ನೊಬ್ಬರು ಬರುತ್ತಾರೆ. ಕೆಲವರು ಮನುಷ್ಯರಂತೆ ಮಾತಾಡುವುದಿಲ್ಲ, ಶಿಲಾಶಾಸನದಂತೆ ಮಾತಾಡುತ್ತಾರೆ. ಹೊರದೇಶಗಳ ವಿಮರ್ಶಕರು ಹೀಗೆಂದರು, ಪೋಲೆಂಡಿನಲ್ಲೂ ಕೆಲವರು ಹೀಗೆಂದರು. ಆಸ್ಕರ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಹೋಗಿಯೂ ಅದು ಬಹುಮಾನ ತರಲಿಲ್ಲ. ಒಪ್ಪಿದೆ. ಆದರೆ ಕೊನೆಯ ಹದಿನೈದು ಇಪ್ಪತ್ತು ನಿಮಿಷಗಳ ಬಗ್ಗೆ ಯಾರೂ ತಕರಾರು ತೆಗೆಯಲಾರರು. ಅಲ್ಲಿ ಭಾಷಣವಿಲ್ಲ. ಒಬ್ಬೊಬ್ಬರನ್ನೇ ಗಾಡಿಯಿಂದ ಇಳಿಸುತ್ತಾರೆ. ಕೈ ಕಟ್ಟುತ್ತಾರೆ. ಗುಂಡಿನ ಶಬ್ದ. ಮತ್ತೊಬ್ಬರು. ಯಂತ್ರದ ಕೆಲಸದ ಹಾಗೆ. ಸಾಯುವವರು ಪ್ರಾರ್ಥನೆ ಹೇಳುತ್ತಾರೆ. ಒಬ್ಬನ ಬಾಯಿಯಲ್ಲಿ ಅರ್ಧಕ್ಕೆ ನಿಂತದ್ದನ್ನು ಮುಂದಿನವನು ಮುಂದುವರಿಸುತ್ತಾನೆ. ಕೊನೆಗೆ ಮಣ್ಣು ಮುಚ್ಚುವಾಗ ಜಪಮಾಲೆ ಹಿಡಿದ ಒಂದು ಕೈ ಕಾಣುತ್ತದೆ. ಆಮೇಲೆ ಆ ಕಪ್ಪು.

ನೆನಪಿಡಿ, ಈ ಕೊನೆ ಪೋಲಿಷ್ ಪ್ರೇಕ್ಷಕರಿಗೆ ಹೊಸದಾಗಿರಲಿಲ್ಲ. ಇವರೆಲ್ಲ ಸಾಯುತ್ತಾರೆಂದು ಟಿಕೆಟ್ ಕೊಳ್ಳುವಾಗಲೇ ಗೊತ್ತಿತ್ತು. ಗೊತ್ತಿದ್ದೂ ಅಳುವುದು ನಮಗೇನು ಹೊಸದೇ? 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಚಂದ್ರಮತಿ ಮಗನ ಹೆಣ ಹೊತ್ತು ಸುಡುಗಾಡಿಗೆ ಬರುವಾಗ ಮುಂದೇನೆಂದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು. ಆದರೂ ಸೆರಗು ಒದ್ದೆಯಾಗುತ್ತಿತ್ತು. ಒಂದೇ ವ್ಯತ್ಯಾಸ. ಅಲ್ಲಿ ವಿಶ್ವಾಮಿತ್ರ ಬರುತ್ತಾನೆ, ಲೋಹಿತಾಶ್ವ ಎದ್ದು ಕೂರುತ್ತಾನೆ, ಅಜ್ಜಿ ಕಣ್ಣೊರೆಸಿಕೊಂಡು ಸಮಾಧಾನದಿಂದ ಮನೆಗೆ ಬರುತ್ತಾಳೆ. ಕಾತಿನ್ ಕಾಡಿಗೆ ಯಾರೂ ಬರಲಿಲ್ಲ. ಅಲ್ಲದೆ ಹರಿಶ್ಚಂದ್ರನಿಗಾಗಿ ಅತ್ತರೆ ಯಾವ ಸರ್ಕಾರವೂ ಬೇಡವೆನ್ನಲಿಲ್ಲ. ಪೋಲೆಂಡಿನಲ್ಲಿ ಈ ಸತ್ತವರಿಗಾಗಿ ಬೀದಿಯಲ್ಲಿ ಅಳುವಂತಿರಲಿಲ್ಲ. ಅಡಿಗೆಮನೆಯಲ್ಲಿ, ಮಕ್ಕಳು ಮಲಗಿದ ಮೇಲೆ, ದನಿ ತಗ್ಗಿಸಿ ಅತ್ತವರು ಅವರು. ಮೊಟ್ಟಮೊದಲಿಗೆ ನೂರಾರು ಅಪರಿಚಿತರ ನಡುವೆ, ಒಂದೇ ಕತ್ತಲಲ್ಲಿ ಕುಳಿತು, ಮನೆಯ ಗುಟ್ಟನ್ನು ದೊಡ್ಡ ಪರದೆಯ ಮೇಲೆ ನೋಡಿದಾಗ ಮಾತು ಎಲ್ಲಿಂದ ಬರಬೇಕು?

ಇನ್ನು ರಷ್ಯದ ಪ್ರೇಕ್ಷಕರ ಕಡೆ ಹೋಗೋಣ. ಕೊಂದವರ ನಾಡಿನಲ್ಲಿ ಇಂಥ ಚಿತ್ರ ತೋರಿಸುವುದು ಸುಲಭವಲ್ಲ. ಗೋರ್ಬಚೋವ್ ಕಾಲದ ಸೋವಿಯತ್ ಸರ್ಕಾರ 1990ರ ಏಪ್ರಿಲ್ 13ರಂದು ತಪ್ಪನ್ನು ಒಪ್ಪಿಕೊಂಡಿತ್ತು. 1992ರಲ್ಲಿ ಯೆಲ್ತ್ಸಿನ್ ಆ ರುಜುಗಳಿದ್ದ ಮೂಲ ಕಾಗದಗಳ ಪ್ರತಿಗಳನ್ನೇ ಪೋಲೆಂಡಿಗೆ ತಲುಪಿಸಿದ್ದರು. ಆದರೂ ಚಿತ್ರ ಅಲ್ಲಿ ಸಾಮಾನ್ಯ ಚಿತ್ರಮಂದಿರಗಳಿಗೆ ಬರಲಿಲ್ಲ, ಆಯ್ದವರಿಗೆ ಅಲ್ಲೊಂದು ಇಲ್ಲೊಂದು ಪ್ರದರ್ಶನ ಅಷ್ಟೇ. 2010ರ ಏಪ್ರಿಲ್ 2ರಂದು ‘ಕುಲ್ತುರಾ’ ಎಂಬ ಸರ್ಕಾರಿ ವಾಹಿನಿ ಅದನ್ನು ಮೊದಲ ಬಾರಿಗೆ ಪ್ರಸಾರ ಮಾಡಿತು, ಕೊನೆಯಲ್ಲಿ ಒಂದು ಚರ್ಚೆಯನ್ನೂ ಇಟ್ಟಿತು. ಅದು ಸಾಹಿತ್ಯ ಸಂಗೀತದ ವಾಹಿನಿ, ನೋಡುವವರು ಕಡಿಮೆ.

ಎಂಟು ದಿನ ಕಳೆಯಿತು. ಏಪ್ರಿಲ್ 10ರಂದು, ಕಾತಿನ್‌ನಲ್ಲಿ ಎಪ್ಪತ್ತನೆಯ ವರ್ಷದ ಶ್ರದ್ಧಾಂಜಲಿಗೆ ಹೊರಟಿದ್ದ ಪೋಲೆಂಡಿನ ಅಧ್ಯಕ್ಷರ ವಿಮಾನ ಸ್ಮೊಲೆನ್ಸ್ಕ್ ಬಳಿ ಮಂಜಿನಲ್ಲಿ ಇಳಿಯಲು ಹೋಗಿ ಅಪಘಾತಕ್ಕೀಡಾಯಿತು. ಅಧ್ಯಕ್ಷ ಲೆಖ್ ಕಚಿನ್ಸ್ಕಿ ದಂಪತಿಗಳೂ ಸೇರಿ 96 ಮಂದಿ ಸತ್ತರು. ಅವರಲ್ಲಿ 1940ರಲ್ಲಿ ಸತ್ತವರ ಬಂಧುಗಳೂ ಇದ್ದರು. ಮಾರನೆಯ ದಿನ, 11ರಂದು, ರಷ್ಯದ ದೊಡ್ಡ ಸರ್ಕಾರಿ ವಾಹಿನಿ ‘ರಸೀಯಾ’ ರಾತ್ರಿಯ ಮುಖ್ಯ ಹೊತ್ತಿನಲ್ಲಿ ‘ಕಾತಿನ್’ ತೋರಿಸಿತು. ಈ ಸಲ ಹಳ್ಳಿಯವರೂ ನೋಡಿದರು, ಕಾರ್ಖಾನೆಯವರೂ ನೋಡಿದರು. ಕಾತಿನ್ ಎಂದರೆ ಜರ್ಮನರ ಪಾಪವೆಂದೇ ಶಾಲೆಯಲ್ಲಿ ಓದಿದ್ದವರು ನೋಡಿದರು. ಮಾಸ್ಕೋದ ಪೋಲಿಷ್ ರಾಯಭಾರ ಕಚೇರಿಯ ಮುಂದೆ ಆ ದಿನಗಳಲ್ಲಿ ಜನ ಬಂದು ಹೂವಿಟ್ಟು, ದೀಪ ಹಚ್ಚಿ ಹೋದರು.

ರಷ್ಯದ ಪ್ರೇಕ್ಷಕನಿಗೆ ಚಿತ್ರದಲ್ಲಿ ನಿಲ್ಲಲು ಒಂದು ಜಾಗವಿದೆ. ಒಬ್ಬ ಸೋವಿಯತ್ ಕ್ಯಾಪ್ಟನ್, ಆನ್ನಾ ಇರುವ ಮನೆಯಲ್ಲೇ ವಾಸಕ್ಕಿರುವವನು, ಅವಳನ್ನೂ ಮಗುವನ್ನೂ ಹಿಡಿದೊಯ್ಯಲು ತನ್ನ ಕಡೆಯವರೇ ಬಂದಾಗ ಬಚ್ಚಿಟ್ಟು ಕಾಪಾಡುತ್ತಾನೆ. ಆ ಪಾತ್ರ ಮಾಡಿದವರು ಸೆರ್ಗೇಯ್ ಗರ್ಮಾಷ್, ರಷ್ಯದ ಜನಪ್ರಿಯ ನಟ. ವಾಯ್ದಾ ಸುಮ್ಮನೆ ಇದನ್ನು ಸೇರಿಸಲಿಲ್ಲ ಎಂದು ನನಗನ್ನಿಸುತ್ತದೆ. ಎಲ್ಲ ಬಾಗಿಲೂ ಮುಚ್ಚಿದರೆ ಎದುರಿನ ಮನೆಯವನು ಒಳಗೆ ಬರುವುದು ಹೇಗೆ?

ಆ ವರ್ಷದ ನವೆಂಬರಿನಲ್ಲಿ ರಷ್ಯದ ಸಂಸತ್ತು, ಈ ಕೊಲೆ ಸ್ಟಾಲಿನ್ ಮತ್ತಿತರ ಸೋವಿಯತ್ ನಾಯಕರ ಆದೇಶದಿಂದಲೇ ಆದದ್ದೆಂದು ನಿರ್ಣಯ ಮಾಡಿತು. ರಷ್ಯದ ಸರ್ಕಾರ ವಾಯ್ದಾರಿಗೆ ‘ಮೈತ್ರಿ’ ಪದಕ ಕೊಟ್ಟಿತು. ಒಂದು ಸಿನಿಮಾದಿಂದ ಇದೆಲ್ಲ ಆಯಿತೆಂದು ನಾನು ಹೇಳುವುದಿಲ್ಲ. ಆದದ್ದು ಹಾಗೇ ಉಳಿಯಿತೆಂದೂ ಹೇಳಲಾರೆ. ತ್ವೆರ್ ನಗರದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದ ಕಟ್ಟಡದ ಗೋಡೆಗೆ ಅವರ ನೆನಪಿನ ಫಲಕಗಳನ್ನು ಹಾಕಿದ್ದರು. 2020ರ ಮೇ ತಿಂಗಳಲ್ಲಿ ಅವನ್ನು ಕಿತ್ತು ತೆಗೆದರು. 2022ರಲ್ಲಿ ಕಾತಿನ್ ಸ್ಮಾರಕದಿಂದ ಪೋಲೆಂಡಿನ ಬಾವುಟ ಇಳಿಯಿತು. 

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನಲ್ಲಿ ಈ ಚಿತ್ರವನ್ನು ಮಕ್ಕಳಿಗೆ ತೋರಿಸಿದೆ. ಪೋಲಿಷ್ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ. ಅರ್ಧ ಗಂಟೆ ಆಗುವಷ್ಟರಲ್ಲಿ ಹಿಂದಿನ ಸಾಲಿನ ಐದಾರು ಜನ ಮೆಲ್ಲಗೆ ಜಾರಿಕೊಂಡರು. ಉಳಿದವರು ಪೂರ್ತಿ ನೋಡಿದರು. ಮುಗಿದ ಮೇಲೆ ಒಬ್ಬ ಹುಡುಗ, ‘ಸಾರ್, ಆ ಹುಡುಗ ಅರ್ಜಿಯಲ್ಲಿ ಇಸವಿ ತಿದ್ದಿ ಸೀಟು ತಗೊಂಡು, ಆಮೇಲೆ ಓದಿ ದೊಡ್ಡವನಾಗಿ ನಿಜ ಹೇಳಬಹುದಿತ್ತಲ್ಲ?’ ಎಂದು ಕೇಳಿದ. ಹತ್ತು ನಿಮಿಷ ಅದರ ಮೇಲೇ ಜಗಳ ನಡೆಯಿತು. ನಾನು ನಡುವೆ ಬಾಯಿ ಹಾಕಲಿಲ್ಲ. ಅರ್ಜಿ ತುಂಬುವ ವಯಸ್ಸಿನವರು ಅವರು, ನಾನಲ್ಲ.

ಆಮೇಲೆ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ‘ಸಾರ್, ತಿಥಿ ಗೊತ್ತಿಲ್ಲದಿದ್ದರೆ ಅವರು ಶ್ರಾದ್ಧ ಯಾವತ್ತು ಮಾಡ್ತಿದ್ದರು?’ ಎಂದಳು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ಪುಸ್ತಕ ಓದಿಯೂ ನನಗೆ ಹೊಳೆಯದೆ ಇದ್ದದ್ದು ಅವಳಿಗೆ ಹೊಳೆದಿತ್ತು. ಸತ್ತ ದಿನ ತಿಳಿಯದವರಿಗೆ ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯಿದೆ. ಅಂದು ಎಡೆಯಿಟ್ಟರೆ ಎಲ್ಲರಿಗೂ ಸಲ್ಲುತ್ತದೆಂಬ ನಂಬಿಕೆ. ಆದರೆ ಅದಕ್ಕೂ ಮೊದಲು ಸತ್ತಿದ್ದಾರೆಂದು ತಿಳಿಯಬೇಕಲ್ಲ? ಕುಂಕುಮ ಇಡಬೇಕೋ ಅಳಿಸಬೇಕೋ ತಿಳಿಯದ ಹೆಂಡತಿ ಯಾವ ದಿನ ಎಡೆಯಿಡಬೇಕು? ಪೋಲೆಂಡಿನಲ್ಲೂ ಸತ್ತವರ ದಿನವೆಂದು ನವೆಂಬರ್ ಮೊದಲಲ್ಲಿ ಸ್ಮಶಾನಗಳಲ್ಲಿ ದೀಪ ಹಚ್ಚುತ್ತಾರೆ. ದೀಪ ಹಚ್ಚಲು ಒಂದು ಗೋರಿ ಬೇಕು.

ಈ ಕಥೆ ಬಹು ದೂರದ್ದೆಂದು ನೀವು ತಿಳಿದಿದ್ದರೆ ಒಂದು ಊರಿನ ಹೆಸರು ಹೇಳುತ್ತೇನೆ. ವಳಿವಡೆ. ಕೊಲ್ಹಾಪುರದ ಪಕ್ಕದಲ್ಲಿದೆ, ನಮ್ಮ ಬೆಳಗಾವಿಯಿಂದ ನೂರು ಚಿಲ್ಲರೆ ಕಿಲೋಮೀಟರು. 1940ರ ಏಪ್ರಿಲ್ 13ರಂದು, ಅತ್ತ ಕಾಡಿನಲ್ಲಿ ಗಂಡಸರನ್ನು ಕೊಲ್ಲುತ್ತಿರುವಾಗಲೇ, ಇತ್ತ ಅವರ ಹೆಂಡತಿ ಮಕ್ಕಳನ್ನು ರೈಲುಗಳಿಗೆ ತುಂಬಿ ಕಜಾಕಸ್ತಾನಕ್ಕೆ ಸಾಗಿಸಿದ್ದರು. ಚಿತ್ರದಲ್ಲಿ ಕ್ಯಾಪ್ಟನ್ ಆನ್ನಾಳನ್ನು ತಪ್ಪಿಸಿದ್ದು ಇದರಿಂದಲೇ. ಹಾಗೆ ಬೇರೆ ಬೇರೆ ಸಲ ಗಡಿಪಾರಾದ ಪೋಲಿಷರಲ್ಲಿ ಬದುಕುಳಿದ ಕೆಲವರು ಇರಾನ್ ದಾಟಿ ಭಾರತಕ್ಕೆ ಬಂದರು. ಗುಜರಾತಿನ ಬಾಲಾಚಡಿಯಲ್ಲಿ ಜಾಮನಗರದ ಮಹಾರಾಜರು 1942ರಲ್ಲಿ ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟದ್ದನ್ನು ನೀವು ಕೇಳಿರಬಹುದು. ವಳಿವಡೆಯದು ಅದಕ್ಕಿಂತ ದೊಡ್ಡ ನೆಲೆ. 1943ರಿಂದ 1948ರವರೆಗೆ ಸುಮಾರು ಐದು ಸಾವಿರ ಪೋಲಿಷರು, ಹೆಚ್ಚಾಗಿ ಹೆಂಗಸರು ಮಕ್ಕಳು, ಅಲ್ಲಿ ಬಾಳಿದರು. ಶಾಲೆ ನಡೆಸಿದರು, ಇಗರ್ಜಿ ಕಟ್ಟಿಕೊಂಡರು. ಸೇನಾಧಿಕಾರಿಗಳ ಸಂಸಾರಗಳೂ ಅವರಲ್ಲಿದ್ದವು. 1940ರ ವಸಂತದಲ್ಲಿ ಶಿಬಿರಗಳಿಂದ ಬರುತ್ತಿದ್ದ ಕಾಗದಗಳು ಇದ್ದಕ್ಕಿದ್ದಂತೆ ನಿಂತಿದ್ದವು. ಪಂಚಗಂಗಾ ನದಿಯ ಸೀಮೆಯಲ್ಲಿ, ಜೋಳ ಕಬ್ಬು ಬೆಳೆಯುವ ನೆಲದಲ್ಲಿ ಕುಳಿತು ಎಷ್ಟು ಹೆಂಗಸರು ಟಪಾಲಿನವನ ದಾರಿ ಕಾದಿರಬಹುದು!

ಅವರಲ್ಲಿ ಕೆಲವರು ಅಲ್ಲೇ ಮಣ್ಣಾದರು. ಕೊಲ್ಹಾಪುರದ ಸ್ಮಶಾನದಲ್ಲಿ ಅವರ ಗೋರಿಗಳಿವೆ, 2014ರಲ್ಲಿ ದುರಸ್ತಿ ಮಾಡಿದ್ದಾರೆ. ಆ ಕಡೆ ಹೋದಾಗ ನೋಡಿ ಬನ್ನಿ.

ಆ ಹುಡುಗಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಮನೆಗೆ ಹೋಗಿ ಹುಡುಕಿ, ಮರುದಿನ ಇಷ್ಟು ಹೇಳಿದೆ. 2000ದ ಇಸವಿಯಲ್ಲಿ ಖಾರ್ಕೀವ್, ಕಾತಿನ್ ಮತ್ತು ತ್ವೆರ್ ಬಳಿಯ ಮೆದ್ನೊಯೆ, ಈ ಮೂರು ಕಡೆಗಳಲ್ಲಿ ಸತ್ತವರಿಗೆ ಸ್ಮಶಾನಗಳನ್ನು ಮಾಡಿದರು. ಗುಂಡಿಯೊಳಗಿನ ಎಲುಬುಗಳಲ್ಲಿ ಯಾವುದು ಯಾರದೆಂದು ಬೇರ್ಪಡಿಸುವಂತಿರಲಿಲ್ಲ. ಆದರೂ ಅಲ್ಲಿ ಪ್ರತಿಯೊಬ್ಬರಿಗೂ ಹೆಸರು ಬರೆದ ಒಂದೊಂದು ಫಲಕವಿದೆ. ಖಾರ್ಕೀವ್‌ನ ಸ್ಮಶಾನದಲ್ಲಿ ಯಾಕುಬ್ ವಾಯ್ದಾ ಅವರದೂ ಒಂದಿದೆ. ಆನಿಯೆಲಾ ತೀರಿಕೊಂಡು ಆಗ ಐವತ್ತು ವರ್ಷವಾಗಿತ್ತು.